ಗಣಕಜಾಲದ ವಿಳಾಸಗಳಿಗೂ ಒಂದು ಖಾತೆಪುಸ್ತಕವಿರಲಿ

ವ್ಯಾಪಾರದಲ್ಲಿ ಲೆಕ್ಕಪತ್ರಗಳಿಗೆ ಎಷ್ಟು ಮಹತ್ವವಿದೆಯೋ, ಆ ಲೆಕ್ಕಪತ್ರಗಳು ಸಂಚರಿಸುವ ದಾರಿಗೂ ಇಂದು ಅಷ್ಟೇ ಮಹತ್ವ ಬಂದಿದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾಯಿತು. ಅದೇ ದಿನದಿಂದ ರಾಜ್ಯದೊಳಗಿನ ಸಾಗಣೆಗೂ ಅದನ್ನು ಅನ್ವಯಿಸಿದ ಮೊದಲ ರಾಜ್ಯ ನಮ್ಮ ಕರ್ನಾಟಕ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವರ್ತಕರು, ಕೆಲವು ವಿನಾಯಿತಿ ವರ್ಗಗಳನ್ನು ಬಿಟ್ಟರೆ, ನೋಂದಾಯಿತ ಖರೀದಿದಾರರಿಗೆ ಇ-ಇನ್‌ವಾಯ್ಸ್ ನೀಡಬೇಕಾಗಿದೆ. ಹೀಗೆ ಬಿಲ್ಲು, ಸಾಗಣೆ, ತೆರಿಗೆ, ಬ್ಯಾಂಕು ಎಲ್ಲವೂ ಗಣಕಯಂತ್ರದ ಮೂಲಕವೇ ಸಾಗುತ್ತಿರುವಾಗ, ನಮ್ಮ ಅಂಗಡಿ ಅಥವಾ ಮನೆಯೊಳಗಿನ ಗಣಕಜಾಲ ಅರ್ಧ ತಾಸು ನಿಂತರೂ ವ್ಯವಹಾರವೇ ನಿಂತಂತೆ.

ಇಂತಹ ಸಂದರ್ಭಗಳಲ್ಲಿ ನಾವು ಸಾಮಾನ್ಯವಾಗಿ ಹೇಳುವ ಮಾತು ‘ನೆಟ್ ಇಲ್ಲ’ ಎಂಬುದು. ಆದರೆ ಎಷ್ಟೋ ಸಲ ಹೊರಗಿನ ನೆಟ್ ಸಂಪರ್ಕ ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಒಳಗಿನ ವಿಳಾಸ ವ್ಯವಸ್ಥೆ. ಎರಡು ಯಂತ್ರಗಳಿಗೆ ಒಂದೇ ವಿಳಾಸ ಹೋಗಿರುತ್ತದೆ, ಅಥವಾ ಪ್ರಿಂಟರಿನ ವಿಳಾಸ ನಿನ್ನೆ ಇದ್ದದ್ದು ಇಂದು ಬದಲಾಗಿರುತ್ತದೆ. ಇದನ್ನು ತಪ್ಪಿಸಲು ವಿಳಾಸಗಳನ್ನು ತಾನೇ ಹಂಚುವ ಒಂದು ವ್ಯವಸ್ಥೆಯುಂಟು. ಅದರ ಹೆಸರು ಡಿಎಚ್‌ಸಿಪಿ. ಮನೆಯಲ್ಲಿಯೇ ಇರುವ ಒಂದು ಚಿಕ್ಕ ಸರ್ವರಿನಲ್ಲಿ ಅದನ್ನು ಸ್ಥಾಪಿಸುವುದು ಹೇಗೆ, ಅದರಿಂದ ಲೆಕ್ಕಪತ್ರ ಇಡುವವರಿಗೆ ಏನು ಪ್ರಯೋಜನ ಎಂಬುದನ್ನು ಸದಸ್ಯ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ. ಸಾರಾಂಶವನ್ನು ಮೊದಲೇ ಹೇಳುವುದಾದರೆ: ಹಂಚುವ ಕೈ ಒಂದೇ ಇರಲಿ, ಸ್ಥಿರವಾಗಿರಬೇಕಾದ ಯಂತ್ರಗಳಿಗೆ ಸ್ಥಿರ ವಿಳಾಸವಿರಲಿ, ಯಾರಿಗೆ, ಎಂದು, ಯಾವುದನ್ನು ಕೊಟ್ಟೆವು ಎಂಬುದರ ದಾಖಲೆ ಉಳಿಯಲಿ.

ವಿಳಾಸ ಎಂದರೇನು?

ಬಾಗಲಕೋಟೆಯವರಿಗೆ ಇದನ್ನು ವಿವರಿಸುವುದು ಸುಲಭ. ಆಲಮಟ್ಟಿ ಹಿನ್ನೀರಿನಿಂದ ಹಳೆಯ ಪಟ್ಟಣದ ಭಾಗಗಳು ಮುಳುಗಡೆಯಾದಾಗ, ನವನಗರದಲ್ಲಿ ಸೆಕ್ಟರ್ ಸಂಖ್ಯೆ ಹಾಗೂ ನಿವೇಶನ ಸಂಖ್ಯೆಯ ಮೇಲೆ ಕುಟುಂಬಗಳಿಗೆ ಜಾಗ ಹಂಚಲಾಯಿತು. ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರವೊಂದೇ ಹಂಚಿಕೆಯ ಅಧಿಕಾರ ಹೊಂದಿತ್ತು. ಇಬ್ಬರು ಅಧಿಕಾರಿಗಳು ತಂತಮ್ಮ ಪುಸ್ತಕ ಹಿಡಿದು ಒಂದೇ ಸೆಕ್ಟರಿನ ನಿವೇಶನಗಳನ್ನು ಬೇರೆ ಬೇರೆಯಾಗಿ ಹಂಚಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸಿಕೊಳ್ಳಬಹುದು. ಗಣಕಜಾಲದಲ್ಲಿಯೂ ಹಾಗೆಯೇ. ಸೆಕ್ಟರ್ ಸಂಖ್ಯೆಯಂತೆ ಜಾಲದ ಸಂಖ್ಯೆ, ನಿವೇಶನ ಸಂಖ್ಯೆಯಂತೆ ಯಂತ್ರದ ಸಂಖ್ಯೆ. ಉದಾಹರಣೆಗೆ 192.168.1.25 ಎಂಬ ವಿಳಾಸದಲ್ಲಿ ಮೊದಲ ಮೂರು ಭಾಗಗಳು ಜಾಲವನ್ನೂ ಕೊನೆಯ 25 ಯಂತ್ರವನ್ನೂ ಸೂಚಿಸುತ್ತವೆ.

ಇಂದು ಬಹುತೇಕ ಕಚೇರಿಗಳಲ್ಲಿ ಬಳಕೆಯಲ್ಲಿರುವ ಈ ವಿಳಾಸ ಪದ್ಧತಿಯನ್ನು 1981ರಲ್ಲಿ ನಿರ್ದಿಷ್ಟಗೊಳಿಸಲಾಯಿತು. ಅದರಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸಗಳಿಗೆ ಮಾತ್ರ ಅವಕಾಶ. ಜಗತ್ತಿನ ಎಲ್ಲ ಯಂತ್ರಗಳಿಗೂ ಅವು ಸಾಲವು. ಆದ್ದರಿಂದ ಖಾಸಗಿ ಬಳಕೆಗೆಂದು ಕೆಲವು ಶ್ರೇಣಿಗಳನ್ನು ಬೇರ್ಪಡಿಸಿ, ಅವುಗಳ ನಿಯಮವನ್ನು 1996ರಲ್ಲಿ ಈಗಿನ ರೂಪಕ್ಕೆ ತರಲಾಯಿತು. 10ರಿಂದ ಆರಂಭವಾಗುವ ಶ್ರೇಣಿ, 172.16ರಿಂದ 172.31ರವರೆಗಿನ ಶ್ರೇಣಿ ಮತ್ತು 192.168ರ ಶ್ರೇಣಿ ಇವೇ ಆ ಮೂರು. ಇವನ್ನು ಯಾರ ಅನುಮತಿಯೂ ಇಲ್ಲದೆ ನಮ್ಮ ಗೋಡೆಯೊಳಗೆ ಬಳಸಬಹುದು. ಸಾಮಾನ್ಯ ವಿನ್ಯಾಸದ ಒಂದು ಚಿಕ್ಕ ಜಾಲದಲ್ಲಿ 254 ಯಂತ್ರಗಳಿಗೆ ಸ್ಥಳವಿರುತ್ತದೆ. ಇದು ಸಣ್ಣ ಉದ್ದಿಮೆಗೆ ಧಾರಾಳವಾಗಿ ಸಾಕು.

ಕೈಬರಹದಿಂದ ಸ್ವಯಂಚಾಲನೆಯ ಕಡೆಗೆ

ಪ್ರತಿ ಯಂತ್ರದಲ್ಲಿಯೂ ಕೈಯಿಂದಲೇ ವಿಳಾಸ ತುಂಬುವುದು ಹಳೆಯ ಪದ್ಧತಿ. ಎರಡು ಮೂರು ಯಂತ್ರಗಳಿರುವವರೆಗೆ ಇದು ನಡೆಯುತ್ತದೆ. ಮಗನ ಲ್ಯಾಪ್‌ಟಾಪ್, ಗುಮಾಸ್ತನ ಮೊಬೈಲ್, ಸಿಸಿಟಿವಿ ರೆಕಾರ್ಡರ್, ಬಾರ್‌ಕೋಡ್ ಪ್ರಿಂಟರ್ ಎಂದು ಸಂಖ್ಯೆ ಇಪ್ಪತ್ತಕ್ಕೆ ಏರಿದಾಗ ಯಾವ ಸಂಖ್ಯೆ ಯಾರಿಗೆ ಹೋಗಿದೆ ಎಂಬುದು ಯಾರಿಗೂ ನೆನಪಿರುವುದಿಲ್ಲ. ತನ್ನಲ್ಲಿ ಡಿಸ್ಕ್ ಇಲ್ಲದ ಯಂತ್ರವೂ ವಿಳಾಸ ಕೇಳಿ ಪಡೆಯುವ ಬೂಟ್‌ಪಿ ಎಂಬ ವಿಧಾನ 1985ರಲ್ಲಿ ಬಂದಿತು. ಅದನ್ನು ವಿಸ್ತರಿಸಿ ಡಿಎಚ್‌ಸಿಪಿಯನ್ನು 1993ರಲ್ಲಿ ಪ್ರಕಟಿಸಲಾಯಿತು. ಅಮೆರಿಕದ ಬಕ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ರಾಲ್ಫ್ ಡ್ರೋಮ್ಸ್ ಅವರು ಬರೆದ 1997ರ ಮಾರ್ಚ್‌ನ ಆವೃತ್ತಿಯೇ ಇಂದಿಗೂ ಈ ವಿಧಾನಕ್ಕೆ ಆಧಾರ.

ಅದರ ಕಾರ್ಯವಿಧಾನ ನಾಲ್ಕು ಮಾತುಗಳಲ್ಲಿ ಮುಗಿಯುತ್ತದೆ. ಹೊಸದಾಗಿ ಚಾಲೂ ಆದ ಯಂತ್ರ ಜಾಲದಲ್ಲಿ ಎಲ್ಲರಿಗೂ ಕೇಳಿಸುವಂತೆ ‘ವಿಳಾಸ ಕೊಡುವವರು ಯಾರಿದ್ದೀರಿ?’ ಎಂದು ಕೂಗುತ್ತದೆ. ಸರ್ವರ್ ‘ಈ ಸಂಖ್ಯೆ ಖಾಲಿಯಿದೆ, ಕೊಡಬಲ್ಲೆ’ ಎನ್ನುತ್ತದೆ. ಯಂತ್ರ ‘ಅದನ್ನೇ ಕೊಡಿ’ ಎಂದು ಬೇಡಿಕೆ ಸಲ್ಲಿಸುತ್ತದೆ. ಸರ್ವರ್ ‘ಕೊಟ್ಟಿದ್ದೇನೆ, ಇಷ್ಟು ಅವಧಿಗೆ’ ಎಂದು ಖಚಿತಪಡಿಸುತ್ತದೆ. ವಿಳಾಸದ ಜೊತೆಗೆ ಹೊರಗಿನ ನೆಟ್‌ಗೆ ಹೋಗುವ ದ್ವಾರ ಯಾವುದು, ಹೆಸರನ್ನು ಸಂಖ್ಯೆಗೆ ಪರಿವರ್ತಿಸುವ ಡಿಎನ್‌ಎಸ್ ಸರ್ವರ್ ಯಾವುದು ಎಂಬ ಮಾಹಿತಿಯೂ ಹೋಗುತ್ತದೆ.

ಇಲ್ಲಿ ‘ಇಷ್ಟು ಅವಧಿಗೆ’ ಎಂಬ ಮಾತು ಮುಖ್ಯ. ವಿಳಾಸವನ್ನು ಕ್ರಯಕ್ಕೆ ಕೊಡುವುದಿಲ್ಲ, ನಮ್ಮ ಭಾಗದಲ್ಲಿ ಹೊಲವನ್ನು ಲಾವಣಿಗೆ ಕೊಟ್ಟಂತೆ ಕೊಡಲಾಗುತ್ತದೆ. ಅವಧಿಯ ಅರ್ಧ ಕಳೆದಾಗ ಯಂತ್ರ ತಾನಾಗಿಯೇ ನವೀಕರಣ ಕೇಳುತ್ತದೆ. ಉತ್ತರ ಬರದಿದ್ದರೆ ಶೇ. 87.5ರಷ್ಟು ಅವಧಿ ಕಳೆದಾಗ ಜಾಲದಲ್ಲಿರುವ ಯಾವುದೇ ಸರ್ವರಿಗೆ ಕೇಳಿಸುವಂತೆ ಮತ್ತೆ ಕೂಗುತ್ತದೆ. ಅವಧಿ ಪೂರ್ಣ ಮುಗಿದರೆ ವಿಳಾಸ ಬಿಟ್ಟುಕೊಡುತ್ತದೆ.

ರೂಟರ್ ಸಾಲದೇ? ಸರ್ವರ್ ಏಕೆ?

ಇದು ನ್ಯಾಯವಾದ ಪ್ರಶ್ನೆ. ನೆಟ್ ಸೇವೆಯವರು ಕೊಟ್ಟ ರೂಟರ್ ಕೂಡ ವಿಳಾಸ ಹಂಚುತ್ತದೆ. ನಾಲ್ಕಾರು ಸಾಧನಗಳಿರುವ ಚಿಕ್ಕ ಅಂಗಡಿಗೆ ಅದೇ ಸಾಕು. ಅನವಶ್ಯಕ ಖರ್ಚು ಬೇಡ. ಆದರೆ ಮೂರು ಸಂದರ್ಭಗಳಲ್ಲಿ ಸ್ವಂತ ಸರ್ವರ್ ಉಪಯುಕ್ತವಾಗುತ್ತದೆ. ಮೊದಲನೆಯದಾಗಿ, ಸೇವೆಯವರು ರೂಟರ್ ಬದಲಾಯಿಸಿದಾಗ ಅದರಲ್ಲಿ ನಾವು ಮಾಡಿಟ್ಟ ಸ್ಥಿರ ವಿಳಾಸಗಳ ಪಟ್ಟಿಯೂ ಹೋಗುತ್ತದೆ. ಎರಡನೆಯದಾಗಿ, ಅಗ್ಗದ ರೂಟರುಗಳಲ್ಲಿ ಹಂಚಿಕೆಯ ದಾಖಲೆ ದೀರ್ಘಕಾಲ ಉಳಿಯುವುದಿಲ್ಲ. ವಿದ್ಯುತ್ ಹೋಗಿ ಬಂದರೆ ಅಳಿಸಿಹೋಗುವ ಸಂಭವವೇ ಹೆಚ್ಚು. ಮೂರನೆಯದಾಗಿ, ಟ್ಯಾಲಿಯಂತಹ ಲೆಕ್ಕದ ತಂತ್ರಾಂಶದ ದತ್ತಾಂಶವನ್ನು ಒಂದೆಡೆ ಇಡಲು ಹೇಗೂ ಒಂದು ಯಂತ್ರ ಸದಾ ಚಾಲನೆಯಲ್ಲಿರುತ್ತದೆ. ಅದಕ್ಕೇ ಈ ಕೆಲಸವನ್ನೂ ಒಪ್ಪಿಸಬಹುದು.

ಹೊಸದಾಗಿ ಯಂತ್ರ ಇಡುವವರು ವಿದ್ಯುತ್ ಲೆಕ್ಕವನ್ನೂ ಹಾಕಬೇಕು. 60 ವಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪ್ ಹಗಲು ರಾತ್ರಿ ನಡೆದರೆ ದಿನಕ್ಕೆ 1.44 ಯೂನಿಟ್, ವರ್ಷಕ್ಕೆ ಸುಮಾರು 526 ಯೂನಿಟ್ ಖರ್ಚಾಗುತ್ತದೆ. 5 ವಾಟ್‌ನ ರಾಸ್ಪ್‌ಬೆರಿ ಪೈನಂತಹ ಚಿಕ್ಕ ಫಲಕಕ್ಕೆ ವರ್ಷಕ್ಕೆ ಸುಮಾರು 44 ಯೂನಿಟ್ ಸಾಕು. ತಮ್ಮ ಹೆಸ್ಕಾಂ ಬಿಲ್ಲಿನ ದರದಿಂದ ಗುಣಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ವಿಳಾಸ ಹಂಚುವ ಕೆಲಸಕ್ಕೆ ಚಿಕ್ಕ ಫಲಕವೇ ಧಾರಾಳ.

ಸ್ಥಾಪಿಸುವ ಕ್ರಮ

ಲಿನಕ್ಸ್ ಆಧಾರಿತ ಯಂತ್ರಗಳಲ್ಲಿ ಚಿಕ್ಕ ಕಚೇರಿಗೆ ಅನುಕೂಲವಾದ ತಂತ್ರಾಂಶ ಡಿಎನ್‌ಎಸ್‌ಮಾಸ್ಕ್. ಸೈಮನ್ ಕೆಲಿ ಅವರು ರೂಪಿಸಿದ ಇದು ಮುಕ್ತ ತಂತ್ರಾಂಶ, ಪರವಾನಗಿ ಶುಲ್ಕವಿಲ್ಲ. ಬಹುಕಾಲ ಬಳಕೆಯಲ್ಲಿದ್ದ ಐಎಸ್‌ಸಿ ಸಂಸ್ಥೆಯ ಡಿಎಚ್‌ಸಿಪಿ ಸರ್ವರಿನ ನಿರ್ವಹಣೆಯನ್ನು ಆ ಸಂಸ್ಥೆ 2022ರಲ್ಲಿ ನಿಲ್ಲಿಸಿ, ಕೀಯಾ ಎಂಬ ಹೊಸ ತಂತ್ರಾಂಶವನ್ನು ಮುಂದಿಟ್ಟಿದೆ. ಆದ್ದರಿಂದ ಯಾರಾದರೂ ಹಳೆಯದನ್ನೇ ಹಾಕಿಕೊಡಲು ಬಂದರೆ ಒಪ್ಪಬೇಕಾಗಿಲ್ಲ. ವಿಂಡೋಸ್ ಸರ್ವರ್ ಉಳ್ಳವರಿಗೆ ಅದರಲ್ಲಿಯೇ ಈ ಸೌಲಭ್ಯವಿದೆ. ತಂತ್ರಾಂಶ ಯಾವುದೇ ಇರಲಿ, ಕ್ರಮ ಒಂದೇ.

1. ಮೊದಲು ಕಾಗದದ ಮೇಲೆ ಯೋಜನೆ ಬರೆಯಿರಿ. ರೂಟರಿಗೆ 192.168.1.1, ಸರ್ವರಿಗೆ 192.168.1.2, ಸ್ಥಿರ ಸಾಧನಗಳಿಗೆ 10ರಿಂದ 49, ಬಂದುಹೋಗುವ ಯಂತ್ರಗಳಿಗೆ 100ರಿಂದ 199 ಎಂದು ವಿಭಾಗಿಸಿದರೆ ಅನುಕೂಲ. ಉಳಿದದ್ದು ಮುಂದಿನ ಬೆಳವಣಿಗೆಗೆ ಮೀಸಲು.

2. ಸರ್ವರಿನ ಸ್ವಂತ ವಿಳಾಸವನ್ನು ಕೈಯಿಂದಲೇ ಸ್ಥಿರಗೊಳಿಸಿ. ಹಂಚುವವನೇ ಮತ್ತೊಬ್ಬರ ಬಳಿ ವಿಳಾಸ ಬೇಡುವಂತಿರಬಾರದು.

3. ತಂತ್ರಾಂಶದ ಸಂರಚನಾ ಕಡತದಲ್ಲಿ ನಾಲ್ಕು ಸಂಗತಿಗಳನ್ನು ತುಂಬಿ: ಯಾವ ಜಾಲಸಂಪರ್ಕದ ಮೇಲೆ ಕೆಲಸ ಮಾಡಬೇಕು, ಹಂಚಬೇಕಾದ ಶ್ರೇಣಿಯ ಮೊದಲ ಹಾಗೂ ಕೊನೆಯ ವಿಳಾಸ, ಲಾವಣಿಯ ಅವಧಿ, ಹೊರದ್ವಾರ ಮತ್ತು ಡಿಎನ್‌ಎಸ್ ವಿಳಾಸಗಳು. ಅವಧಿ ತುಂಬದಿದ್ದರೆ ಡಿಎನ್‌ಎಸ್‌ಮಾಸ್ಕ್ ಒಂದು ಗಂಟೆಗೆ ಕೊಡುತ್ತದೆ, ವಿಂಡೋಸ್ ಸರ್ವರ್ 8 ದಿನಗಳಿಗೆ ಕೊಡುತ್ತದೆ. ಕಚೇರಿಗೆ 24 ಗಂಟೆ ಯೋಗ್ಯ.

4. ಸ್ಥಿರ ಸಾಧನಗಳ ಮ್ಯಾಕ್ ವಿಳಾಸಗಳನ್ನು ಬರೆದುಕೊಂಡು, ಪ್ರತಿಯೊಂದಕ್ಕೂ ಹೆಸರು ಮತ್ತು ಸಂಖ್ಯೆಯನ್ನು ಕಾಯ್ದಿರಿಸಿ. ಮ್ಯಾಕ್ ವಿಳಾಸವೆಂದರೆ ಸಾಧನದ ಜಾಲಸಂಪರ್ಕಕ್ಕೆ ತಯಾರಕರು ಕೊಟ್ಟ 12 ಅಕ್ಷರಾಂಕಗಳ ಗುರುತು. ಸಾಮಾನ್ಯವಾಗಿ ಹಿಂಬದಿಯ ಚೀಟಿಯ ಮೇಲೆ ಮುದ್ರಿತವಾಗಿರುತ್ತದೆ.

5. ಸರ್ವರಿನ ಫೈರ್‌ವಾಲ್‌ನಲ್ಲಿ ಒಳಜಾಲಕ್ಕೆ ಯುಡಿಪಿ 67ನೇ ಪೋರ್ಟ್ ತೆರೆಯಿರಿ. ತಂತ್ರಾಂಶದ ಪರೀಕ್ಷಾ ಆದೇಶದಿಂದ ಸಂರಚನೆಯಲ್ಲಿ ತಪ್ಪಿಲ್ಲವೆಂದು ಖಚಿತಪಡಿಸಿಕೊಳ್ಳಿ.

6. ರೂಟರಿನ ಡಿಎಚ್‌ಸಿಪಿಯನ್ನು ನಿಲ್ಲಿಸಿ, ನಂತರ ಸರ್ವರಿನದನ್ನು ಆರಂಭಿಸಿ. ಒಂದು ಯಂತ್ರದಲ್ಲಿ ಪರೀಕ್ಷಿಸಿದ ಮೇಲೆ ಉಳಿದವುಗಳನ್ನು ಒಂದೊಂದಾಗಿ ಮರುಚಾಲನೆ ಮಾಡಿ.

7. ರೂಟರಿನ ಪ್ರವೇಶಪದ, ಅದರ ಡಿಎಚ್‌ಸಿಪಿಯನ್ನು ಪುನಃ ಚಾಲೂ ಮಾಡುವ ಬಗೆ, ಇವನ್ನು ಕಾಗದದಲ್ಲಿ ಬರೆದು ತಿಜೋರಿಯಲ್ಲಿಡಿ. ಸರ್ವರ್ ಕೆಟ್ಟ ದಿನ ಇದೇ ಆಪದ್ಧನ.

ಈ ಕೆಲಸವನ್ನು ರಜಾದಿನದಲ್ಲಿ ಮಾಡಿಕೊಳ್ಳುವುದು ಲೇಸು. ಮಾಸಿಕ ಪತ್ರ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ರ ಗಡುವು ತಿಂಗಳ 11, ಜಿಎಸ್‌ಟಿಆರ್-3ಬಿಯ ಗಡುವು 20. ಆ ದಿನಗಳ ಸಮೀಪ ಜಾಲಕ್ಕೆ ಕೈಹಾಕುವುದು ವಿವೇಕವಲ್ಲ. ತಡವಾಗಿ ಕಟ್ಟಿದ ತೆರಿಗೆಗೆ ವಾರ್ಷಿಕ ಶೇ. 18ರ ಬಡ್ಡಿ ಬೀಳುತ್ತದೆ. ಜಾಲ ಕೆಟ್ಟಿತ್ತು ಎಂಬ ಕಾರಣ ಅದನ್ನು ಕಡಿಮೆ ಮಾಡುವುದಿಲ್ಲ.

ನಮ್ಮ ಊರುಗಳ ನಾಲ್ಕು ನಿದರ್ಶನಗಳು

ಇಳಕಲ್ಲಿನ ಸೀರೆ ವ್ಯಾಪಾರಿಯನ್ನು ಭಾವಿಸೋಣ. ಕೆಳಗೆ ಅಂಗಡಿ, ಮೇಲೆ ಮನೆ. ನೇಕಾರರಿಗೆ ಕೊಟ್ಟ ನೂಲು, ಬಂದ ಸೀರೆ, ಮಾರಾಟ ಮೂರರ ಲೆಕ್ಕವೂ ಟ್ಯಾಲಿಯಲ್ಲಿ. ಪ್ರತಿ ಸೀರೆಗೆ ಬಾರ್‌ಕೋಡ್ ಚೀಟಿ. ದತ್ತಾಂಶವಿರುವ ಯಂತ್ರದ ವಿಳಾಸ ಒಂದು ಬೆಳಿಗ್ಗೆ 192.168.1.104ರಿಂದ 107ಕ್ಕೆ ಬದಲಾದರೆ, ಗಲ್ಲೆಯ ಮೇಲಿನ ಯಂತ್ರ 104ನ್ನೇ ಹುಡುಕುತ್ತ ಕೂರುತ್ತದೆ. ಪ್ರಿಂಟರಿನ ಪಾಡೂ ಅಷ್ಟೇ. ಸ್ವಯಂಚಾಲಿತ ಹಂಚಿಕೆಯಿಂದಲೇ ಈ ತೊಂದರೆ ಎಂದು ಕೆಲವರು ಪುನಃ ಕೈಬರಹಕ್ಕೆ ಮರಳುತ್ತಾರೆ. ಅದು ತಪ್ಪು ಪರಿಹಾರ. ಬೇಕಾದದ್ದು ಕಾಯ್ದಿರಿಸುವಿಕೆ: ದತ್ತಾಂಶದ ಯಂತ್ರ, ಪ್ರಿಂಟರುಗಳು, ಸಿಸಿಟಿವಿ ರೆಕಾರ್ಡರ್ ಇವಕ್ಕೆ ಸರ್ವರಿನಲ್ಲಿಯೇ ಸ್ಥಿರ ಸಂಖ್ಯೆ. ಆಗ ಹಂಚಿಕೆ ಸ್ವಯಂಚಾಲಿತ, ಸಂಖ್ಯೆ ಮಾತ್ರ ಶಾಶ್ವತ.

ಎರಡನೆಯದು ಹುನಗುಂದ-ಇಳಕಲ್ ಭಾಗದ ಗ್ರ್ಯಾನೈಟ್ ಘಟಕ. ಅಂಗಳದಲ್ಲಿ ವೈಫೈ ಸಿಗುತ್ತಿಲ್ಲವೆಂದು ಯಾರೋ ಒಂದು ಹೊಸ ವೈಫೈ ರೂಟರ್ ತಂದು ಸ್ವಿಚ್ಚಿಗೆ ಜೋಡಿಸುತ್ತಾರೆ. ಅದರಲ್ಲಿಯೂ ಡಿಎಚ್‌ಸಿಪಿ ಚಾಲೂ ಇರುತ್ತದೆ. ಈಗ ಹಂಚುವವರು ಇಬ್ಬರು. ಯಾರ ಉತ್ತರ ಮೊದಲು ತಲುಪಿತೋ ಅದನ್ನು ಯಂತ್ರ ಸ್ವೀಕರಿಸುತ್ತದೆ. ಬಿಲ್ಲಿನ ಯಂತ್ರಕ್ಕೆ ತಪ್ಪು ದ್ವಾರದ ವಿಳಾಸ ಬಂದರೆ ಪೋರ್ಟಲ್ ತೆರೆಯುವುದಿಲ್ಲ. ಲೋಡಾದ ಲಾರಿ ಇ-ವೇ ಬಿಲ್ಲಿಗಾಗಿ ಕಾಯುತ್ತ ನಿಲ್ಲುತ್ತದೆ. ಬಿಲ್ಲಿಲ್ಲದೆ ಕಳಿಸಿದರೆ, ತೆರಿಗೆ ಇರುವ ಸರಕಿನ ಮಾಲೀಕ ಮುಂದೆ ಬಂದು ಬಿಡಿಸಿಕೊಳ್ಳುವಾಗಲೂ 2022ರ ಜನವರಿ 1ರಿಂದ ತೆರಿಗೆಯ ಶೇ. 200ರಷ್ಟು ದಂಡ ತೆರಬೇಕು. ಇ-ಇನ್‌ವಾಯ್ಸ್ ಅನ್ವಯಿಸುವವರು ಅದಿಲ್ಲದೆ ಕೊಟ್ಟ ಬಿಲ್ಲನ್ನು ನಿಯಮ 48(5) ಬಿಲ್ಲೆಂದೇ ಪರಿಗಣಿಸುವುದಿಲ್ಲ. ಐವತ್ತು ಸಾವಿರ ರೂಪಾಯಿ ಮೀರಿದ ಸರಕು ಕಳಿಸುವ ಯಾವ ಉದ್ದಿಮೆಗೂ ಇದು ಚಿಕ್ಕ ಮಾತಲ್ಲ. ಪರಿಹಾರ ಸರಳ: ಹೊಸ ವೈಫೈ ಸಾಧನವನ್ನು ‘ಆ್ಯಕ್ಸೆಸ್ ಪಾಯಿಂಟ್’ ರೀತಿಯಲ್ಲಿ ಮಾತ್ರ ಜೋಡಿಸಬೇಕು. ಅನುಮಾನವಿದ್ದರೆ ವಿಂಡೋಸ್ ಯಂತ್ರದಲ್ಲಿ ಐಪಿಕಾನ್ಫಿಗ್ ಆದೇಶದ ಪೂರ್ಣ ವಿವರ ತೆರೆದು, ‘ಡಿಎಚ್‌ಸಿಪಿ ಸರ್ವರ್’ ಎಂಬ ಸಾಲಿನಲ್ಲಿ ನಮ್ಮ ಸರ್ವರಿನ ವಿಳಾಸವೇ ಇದೆಯೇ ಎಂದು ನೋಡಬೇಕು. ದೊಡ್ಡ ಘಟಕಗಳು ಅನಧಿಕೃತ ಹಂಚಿಕೆಯನ್ನು ತಡೆಯುವ ‘ಡಿಎಚ್‌ಸಿಪಿ ಸ್ನೂಪಿಂಗ್’ ಉಳ್ಳ ಸ್ವಿಚ್ ಕೊಳ್ಳುವುದು ಉಚಿತ.

ಮೂರನೆಯದು ಬಾದಾಮಿಯ ವಸತಿಗೃಹ. ಬನಶಂಕರಿ ಜಾತ್ರೆಯ ದಿನಗಳಲ್ಲಿ ಕೋಣೆಗಳೆಲ್ಲ ಭರ್ತಿ. ದಿನಕ್ಕೆ 60 ಹೊಸ ಮೊಬೈಲುಗಳು ವೈಫೈಗೆ ಸೇರುತ್ತವೆ, ಹಂಚಲು 100 ವಿಳಾಸಗಳಿವೆ, ಅವಧಿ 8 ದಿನ ಎಂದಿಟ್ಟುಕೊಳ್ಳೋಣ. ಮೊದಲ ದಿನದ 60 ಅತಿಥಿಗಳು ಹೊರಟುಹೋದರೂ ಅವರ ವಿಳಾಸಗಳು 8 ದಿನ ಬಂಧಿಯಾಗಿರುತ್ತವೆ. ಎರಡನೆಯ ದಿನ 60 ಬೇಕು, ಉಳಿದಿರುವುದು 40. ಇಪ್ಪತ್ತು ಜನ ವ್ಯವಸ್ಥಾಪಕರ ಬಳಿ ದೂರುತ್ತಾರೆ, ನೆಟ್ ಮಾತ್ರ ಸರಿಯಾಗಿಯೇ ಇದೆ. ಕೋಣೆ ಖಾಲಿ ಮಾಡಿದವರ ಬೀಗದ ಕೈಯನ್ನು ಎಂಟು ದಿನ ಗೂಟಕ್ಕೆ ಮರಳಿಸದಂತೆ ಇದು. ಅತಿಥಿಗಳ ಜಾಲಕ್ಕೆ ಅವಧಿಯನ್ನು ಎರಡರಿಂದ ನಾಲ್ಕು ಗಂಟೆಗೆ ಇಳಿಸಿದರೆ ಸಮಸ್ಯೆ ಮುಗಿಯಿತು. ಅಷ್ಟೇ ಮುಖ್ಯವಾಗಿ, ಅತಿಥಿಗಳ ಜಾಲ ಮತ್ತು ಲೆಕ್ಕದ ಜಾಲ ಪ್ರತ್ಯೇಕವಾಗಿರಬೇಕು.

ನಾಲ್ಕನೆಯದು ಬಾಗಲಕೋಟೆಯ ಎಪಿಎಂಸಿ ಪ್ರಾಂಗಣದ ದಲಾಲಿ ಅಂಗಡಿ. ವಿದ್ಯುತ್ ಹೋಗಿ ಬಂದಾಗ ಎಲ್ಲ ಯಂತ್ರಗಳೂ ಒಮ್ಮೆಗೇ ಎದ್ದು ವಿಳಾಸ ಕೇಳುತ್ತವೆ. ಸರ್ವರ್ ನಿಧಾನವಾಗಿ ಏಳುವುದಾದರೆ, ಉತ್ತರ ಸಿಗದ ಯಂತ್ರ 169.254ರಿಂದ ಆರಂಭವಾಗುವ ಸಂಖ್ಯೆಯನ್ನು ತಾನೇ ಇಟ್ಟುಕೊಳ್ಳುತ್ತದೆ. ಅದರಿಂದ ಹೊರಗಿನ ನೆಟ್ ಸಿಗದು. ವಿಂಡೋಸ್ ಯಂತ್ರ ಐದು ನಿಮಿಷಕ್ಕೊಮ್ಮೆ ಸರ್ವರನ್ನು ಪುನಃ ಕೇಳುತ್ತಿರುತ್ತದೆ. ಕಾಯಲಾಗದಿದ್ದರೆ ಸಂಪರ್ಕ ತೆಗೆದು ಹಾಕಬಹುದು. ಆದ್ದರಿಂದ 169.254 ಕಂಡೊಡನೆ ನೆಟ್ ಸೇವೆಯವರಿಗೆ ಫೋನ್ ಮಾಡುವ ಮೊದಲು ನಮ್ಮ ಸರ್ವರ್ ಎದ್ದಿದೆಯೇ ಎಂದು ನೋಡಬೇಕು. ಸರ್ವರ್, ಸ್ವಿಚ್, ರೂಟರ್ ಮೂರನ್ನೂ ಒಂದೇ ಯುಪಿಎಸ್‌ಗೆ ಜೋಡಿಸಿದರೆ ಈ ತೊಡಕು ಬಹುಮಟ್ಟಿಗೆ ಬರುವುದೇ ಇಲ್ಲ.

ಶಿಲ್ಕು ಬೇರೆ, ಕಿರ್ದಿ ಬೇರೆ

ಲೆಕ್ಕಪರಿಶೋಧಕನ ದೃಷ್ಟಿಯಿಂದ ಹೇಳಲೇಬೇಕಾದ ಮುಖ್ಯ ಸಂಗತಿ ಇಲ್ಲಿದೆ. ಡಿಎನ್‌ಎಸ್‌ಮಾಸ್ಕ್ ಒಂದು ಲಾವಣಿ ಕಡತವನ್ನು ಇಡುತ್ತದೆ. ಅದರ ಪ್ರತಿ ಸಾಲಿನಲ್ಲಿ ಅವಧಿ ಮುಗಿಯುವ ಸಮಯ, ಮ್ಯಾಕ್ ವಿಳಾಸ, ಕೊಟ್ಟ ಸಂಖ್ಯೆ ಮತ್ತು ಯಂತ್ರದ ಹೆಸರು ಇರುತ್ತವೆ. ಇದನ್ನು ನೋಡಿ ದಾಖಲೆ ಇದೆಯೆಂದು ನೆಮ್ಮದಿಯಿಂದಿರುವವರುಂಟು. ಆದರೆ ಆ ಕಡತದಲ್ಲಿರುವುದು ಇಂದಿನ ಸ್ಥಿತಿ ಮಾತ್ರ, ಅಂದರೆ ಸಂಜೆಯ ಶಿಲ್ಕು. ಕಳೆದ ತಿಂಗಳ 18ರಂದು ಆ ಸಂಖ್ಯೆ ಯಾರ ಬಳಿ ಇತ್ತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಉತ್ತರ ಇರುವುದು ವ್ಯವಸ್ಥೆಯ ಲಾಗ್‌ನಲ್ಲಿ. ಅದೇ ನಮ್ಮ ಕಿರ್ದಿ. ಉಬುಂಟುವಿನಂತಹ ವ್ಯವಸ್ಥೆಗಳಲ್ಲಿ ಪಠ್ಯರೂಪದ ಲಾಗ್ ಸಾಮಾನ್ಯವಾಗಿ ವಾರಕ್ಕೊಮ್ಮೆ ಬದಲಾಗಿ ನಾಲ್ಕು ವಾರಗಳ ನಂತರ ಅಳಿಸಿಹೋಗುತ್ತದೆ. ಅದನ್ನು 26 ವಾರಗಳಿಗೆ ಹೆಚ್ಚಿಸಿದರೆ 182 ದಿನಗಳ ದಾಖಲೆ ಉಳಿಯುತ್ತದೆ.

ಈ ಅವಧಿಗೆ ಕಾರಣವಿದೆ. ಭಾರತೀಯ ಗಣಕ ತುರ್ತು ಸ್ಪಂದನ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನಗಳಲ್ಲಿ, ಅವು ಅನ್ವಯಿಸುವ ಸಂಸ್ಥೆಗಳು ತಮ್ಮ ಗಣಕ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು ಹಾಗೂ ಗಡಿಯಾರಗಳನ್ನು ಅಧಿಕೃತ ಸಮಯಕ್ಕೆ ಹೊಂದಿಸಬೇಕು ಎಂದು ಹೇಳಿದೆ. ಗಡಿಯಾರ ತಪ್ಪಿದ ಲಾಗ್ ತಾರೀಖಿಲ್ಲದ ವೋಚರಿನಂತೆ, ಇದ್ದೂ ಉಪಯೋಗವಿಲ್ಲ.

ಕಂಪನಿಯಾಗಿ ನೋಂದಾಯಿಸಿಕೊಂಡವರು 2023ರ ಏಪ್ರಿಲ್ 1ರಿಂದ ಪ್ರತಿ ನಮೂದಿನ ಬದಲಾವಣೆಯನ್ನೂ ದಾಖಲಿಸುವ, ಆ ಸೌಲಭ್ಯವನ್ನು ನಿಲ್ಲಿಸಲಾಗದ ಲೆಕ್ಕ ತಂತ್ರಾಂಶವನ್ನೇ ಬಳಸಬೇಕು. ಪರಿಶೋಧಕರು ಅದರ ಬಗ್ಗೆ ವರದಿಯಲ್ಲಿ ಹೇಳಬೇಕು. ಏಕವ್ಯಕ್ತಿ ಮಾಲೀಕತ್ವದ ಹಾಗೂ ಪಾಲುದಾರಿಕೆಯ ಅಂಗಡಿಗಳಿಗೆ ಈ ನಿಯಮವಿಲ್ಲ. ಆದರೂ ಪ್ರಶ್ನೆ ಒಂದೇ. ಒಂದು ಬಿಲ್ಲನ್ನು ರಾತ್ರಿ ಹತ್ತಕ್ಕೆ ತಿದ್ದಲಾಗಿದೆ ಎಂದು ತಂತ್ರಾಂಶ ತೋರಿಸಿತು. ಎಲ್ಲರೂ ಒಂದೇ ಬಳಕೆದಾರ ಹೆಸರಿನಿಂದ ಕೆಲಸ ಮಾಡುತ್ತಿದ್ದರೆ ತಿದ್ದಿದವರು ಯಾರು? ಪ್ರತಿಯೊಬ್ಬರಿಗೂ ಬೇರೆ ಹೆಸರು ಮತ್ತು ಗುಪ್ತಪದ ಇರಲೇಬೇಕು. ಅದರ ಜೊತೆಗೆ ಆ ಹೊತ್ತಿನಲ್ಲಿ ಯಾವ ಯಂತ್ರಗಳು ಜಾಲದಲ್ಲಿದ್ದವು ಎಂಬ ವಿಳಾಸದ ಕಿರ್ದಿಯೂ ಇದ್ದರೆ, ನಿರಪರಾಧಿ ನೌಕರನ ಮೇಲೆ ಅನುಮಾನ ಹೋಗುವುದು ತಪ್ಪುತ್ತದೆ. ಇದು ಮಾಲೀಕನಷ್ಟೇ ಗುಮಾಸ್ತನಿಗೂ ರಕ್ಷಣೆ.

ವ್ಯಾಜ್ಯ ನ್ಯಾಯಾಲಯಕ್ಕೆ ಹೋದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅನ್ವಯಿಸುತ್ತದೆ. ಗಣಕದ ದಾಖಲೆಯೊಂದಿಗೆ ಕೊಡಬೇಕಾದ ಪ್ರಮಾಣಪತ್ರದ ನಮೂನೆಯಲ್ಲಿ ಸಾಧನದ ತಯಾರಿಕೆ, ಮಾದರಿ, ಕ್ರಮಸಂಖ್ಯೆ ಮತ್ತು ಮ್ಯಾಕ್‌ನಂತಹ ಗುರುತುಗಳನ್ನು ತುಂಬಲು ಸ್ಥಳವಿದೆ. ಸ್ಥಿರ ವಿಳಾಸಗಳಿಗಾಗಿ ನಾವು ಮಾಡಿಟ್ಟ ಪಟ್ಟಿಯಲ್ಲಿ ಈ ವಿವರಗಳು ಸಿದ್ಧವಾಗಿಯೇ ಇರುತ್ತವೆ.

ಕೆಲವು ಎಚ್ಚರಿಕೆಗಳು

ಈ ವ್ಯವಸ್ಥೆ ಬೀಗವಲ್ಲ ಎಂಬುದನ್ನು ಮರೆಯಬಾರದು. ಕೇಳಿದವರಿಗೆಲ್ಲ ವಿಳಾಸ ಕೊಡುವುದು ಅದರ ಧರ್ಮ. ಜಾಲದೊಳಗೆ ಬಂದವನು ತನ್ನ ಯಂತ್ರದಲ್ಲಿ ಕೈಯಿಂದ ವಿಳಾಸ ತುಂಬಿಕೊಂಡರೆ ಸರ್ವರಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ವೈಫೈ ಗುಪ್ತಪದ, ಅತಿಥಿಗಳಿಗೆ ಪ್ರತ್ಯೇಕ ಜಾಲ, ಇವು ಬೇಕೇ ಬೇಕು. ಕಿರ್ದಿಯ ಪುರಾವೆಯನ್ನು ತೂಗುವಾಗಲೂ ಈ ಮಿತಿ ನೆನಪಿರಲಿ.

ಮೊಬೈಲುಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಈಚೆಗೆ ಮೊಬೈಲುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸವನ್ನು ಮರೆಮಾಡಿ ಪ್ರತಿ ವೈಫೈ ಜಾಲಕ್ಕೂ ಬೇರೊಂದು ಕೃತಕ ವಿಳಾಸ ತೋರಿಸುವ ರೂಢಿ ಬಂದಿದೆ. ವ್ಯಾಪಾರಕ್ಕೆಂದೇ ಇಟ್ಟ ಮೊಬೈಲಿಗೆ ಸ್ಥಿರ ಸಂಖ್ಯೆ ಬೇಕಾದರೆ, ನಮ್ಮ ಜಾಲದ ಮಟ್ಟಿಗೆ ಆ ಸೌಲಭ್ಯವನ್ನು ನಿಲ್ಲಿಸಬೇಕು.

ಸಂರಚನಾ ಕಡತದ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಬೇರೆಡೆ ಇಡಿ. ಲೆಕ್ಕದ ದತ್ತಾಂಶದ ಬ್ಯಾಕಪ್ ಅಂತೂ ಪ್ರತ್ಯೇಕವಾಗಿ ಇರಲೇಬೇಕು. ಜಿಎಸ್‌ಟಿ ಕಾನೂನಿನ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ಪತ್ರದ ಗಡುವಿನಿಂದ 72 ತಿಂಗಳು ಕಾಯ್ದಿಡಬೇಕು. ಜೊತೆಗೆ, ವ್ಯವಸ್ಥೆ ಮಾಡಿಕೊಟ್ಟ ತಂತ್ರಜ್ಞನೊಬ್ಬನಿಗೇ ಎಲ್ಲವೂ ಗೊತ್ತು ಎಂಬ ಸ್ಥಿತಿ ಬರಗೊಡಬೇಡಿ. ಮನೆಯ ಒಬ್ಬರು ಹಾಗೂ ಅಂಗಡಿಯ ಒಬ್ಬರು ತಿಳಿದಿರಬೇಕು.

ಒಂದು ಪುಟದ ದಫ್ತರ

ಸರ್ವರ್ ಇಡುವ ವಿಚಾರ ಸದ್ಯಕ್ಕಿಲ್ಲದವರೂ ಈ ವಾರವೇ ಮಾಡಬಹುದಾದ ಕೆಲಸವೊಂದಿದೆ. ಒಂದು ಪುಟದಲ್ಲಿ ಆರು ಕಾಲಂ ಎಳೆಯಿರಿ: ಸಾಧನದ ಹೆಸರು, ಇರುವ ಸ್ಥಳ, ಬಳಸುವವರು, ಮ್ಯಾಕ್ ವಿಳಾಸ, ಈಗಿನ ವಿಳಾಸ, ಖರೀದಿಯ ದಿನಾಂಕ ಮತ್ತು ಬಿಲ್ ಸಂಖ್ಯೆ. ಅಂಗಡಿಯಲ್ಲಿ ಒಂದು ಸುತ್ತು ಹೊಡೆದು ತುಂಬಿಸಿ. ತಮಗೆ ಗೊತ್ತಿಲ್ಲದ ಒಂದೆರಡು ಸಾಧನಗಳು ಜಾಲದಲ್ಲಿರುವುದು ಕಂಡುಬಂದರೆ ಆಶ್ಚರ್ಯವಿಲ್ಲ. ಈ ಪುಟವನ್ನು ಸ್ಥಿರಾಸ್ತಿ ವಹಿಯೊಂದಿಗೆ ತಾಳೆ ನೋಡಿದರೆ ಸವಕಳಿ ಲೆಕ್ಕಕ್ಕೂ ಅನುಕೂಲ. ನಾಳೆ ಸರ್ವರ್ ಸ್ಥಾಪಿಸುವಾಗ ಇದೇ ಪಟ್ಟಿ ಸಂರಚನಾ ಕಡತಕ್ಕೆ ಆಧಾರವಾಗುತ್ತದೆ.

ನಮ್ಮ ಹಿರಿಯರು ಕೊಟ್ಟದ್ದನ್ನೂ ತೆಗೆದುಕೊಂಡದ್ದನ್ನೂ ಬರೆದಿಡದೆ ದೀಪ ಆರಿಸುತ್ತಿರಲಿಲ್ಲ. ವಿಳಾಸವೂ ಕೊಟ್ಟು ತೆಗೆದುಕೊಳ್ಳುವ ವಸ್ತುವೇ. ಬರೆಯುವ ಕೆಲಸವನ್ನು ಯಂತ್ರವೇ ಮಾಡಿಕೊಡುತ್ತಿರುವಾಗ, ಆ ಬರಹ ಅಳಿಯದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಪಾಲಿಗೆ ಉಳಿದ ಕೆಲಸ.